ಆಮದು ಬಳ್ಳಿಯೂ ಅಂಗಾಲಿನ ಮಣ್ಣೂ

ಗೇಣುದ್ದದ ಒಂದು ಬಳ್ಳಿಯನ್ನು ಹೊರದೇಶದಿಂದ ತರಿಸಿಕೊಳ್ಳುವುದಕ್ಕೂ ಸರ್ಕಾರದ ಅಪ್ಪಣೆ ಬೇಕೆಂದು ನನಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ನಾನೇನೂ ಅಳುಕಲಿಲ್ಲ. ನನ್ನಂಥವನಿಗೆ ಕೊಡದೆ ಇನ್ಯಾರಿಗೆ ಕೊಟ್ಟಾರು ಎಂದುಕೊಂಡೆ. ಗಿಡದ ವಿದ್ಯೆಯನ್ನು ನಾನು ಯಾವ ಶಾಲೆಯಲ್ಲೂ ಕಲಿತವನಲ್ಲ. ಹೊಟ್ಟೆಪಾಡಿಗೆ ಪಂಪುಸೆಟ್ಟು ರಿಪೇರಿ ಮಾಡುತ್ತ, ಬಿಡುವಾದಾಗ ಮಣ್ಣು ಕೆದಕುತ್ತ, ಗಿಡಗಳನ್ನು ಕೊಂದು ಕೊಂದೇ ಉಳಿಸುವುದನ್ನು ಕಲಿತವನು. ಈಗ ನಮ್ಮ ಹಿತ್ತಲಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಕುಂಡಗಳಿವೆ. ಬೀದಿಯವರು ನನ್ನನ್ನು ಗಿಡದಜ್ಜ ಎನ್ನುತ್ತಾರೆ. ನಮ್ಮಾಕೆ ಮಾತ್ರ ಮಣ್ಣಿನ ಮನುಷ್ಯ ಎನ್ನುತ್ತಾಳೆ. (ಅದು ಹೊಗಳಿಕೆಯೆಂದೇ ಬಹಳ ಕಾಲ ನಂಬಿದ್ದೆ. ಹಾಗೆನ್ನುವಾಗಲೆಲ್ಲ ಅವಳ ಕೈಯಲ್ಲಿ ಪೊರಕೆ ಇರುತ್ತಿತ್ತು ಎಂಬುದನ್ನು ಗಮನಿಸಿರಲಿಲ್ಲ.)

ನನಗೆ ಬೇಕಾಗಿದ್ದದ್ದು ಮೇಣದ ಹೂವಿನ ಬಳ್ಳಿ. ದಪ್ಪ ಎಲೆ, ಹೂವೋ, ಮೇಣವನ್ನು ಅಚ್ಚಿಗೆ ಹೊಯ್ದು ತೆಗೆದ ಹಾಗೆ. ಅದರ ಕಪ್ಪುಗೆಂಪು ಜಾತಿ ನಮ್ಮ ಸುತ್ತಮುತ್ತ ಯಾರಲ್ಲೂ ಇರಲಿಲ್ಲ. ಫೋನಿನಲ್ಲಿ ಪರಿಚಯವಾದ ಪರದೇಶದ ಬೆಳೆಗಾರನೊಬ್ಬ, ಪರವಾನಗಿ ಕಳಿಸಿ, ಬಳ್ಳಿ ಕಳಿಸುತ್ತೇನೆ ಎಂದಿದ್ದ. ಆ ಹೂವು ನನ್ನ ಹಿತ್ತಲಲ್ಲಿ ಅರಳುವುದನ್ನು ನೋಡಿಯೇ ಕಣ್ಣು ಮುಚ್ಚಬೇಕು ಎಂದು ನಮ್ಮಾಕೆಯ ಮುಂದೆ ಹೇಳಿಕೊಂಡೆ. ಕಣ್ಣು ಆಮೇಲೆ ಮುಚ್ಚುವಿರಂತೆ, ಮೊದಲು ಕಾಲು ತೊಳೆದುಕೊಂಡು ಬನ್ನಿ, ಈಗಷ್ಟೇ ನೆಲ ಒರೆಸಿದ್ದೇನೆ ಎಂದಳು.

ಪರವಾನಗಿ ಕೊಡುವ ಅಧಿಕಾರಿ ಇನ್ನೂ ಮೀಸೆ ಬಲಿಯದವನು. ಕೊರಳಲ್ಲಿ ಭೂತಗನ್ನಡಿ ತೂಗುಹಾಕಿಕೊಂಡಿದ್ದ. ಮನೆಯಲ್ಲಿ ಬೇರೆ ಗಿಡಗಳಿವೆಯೇ, ಅವನ್ನು ನೋಡಿಕೊಳ್ಳುವವರು ಯಾರು ಎಂದು ಮೆತ್ತಗೆ ಕೇಳಿದ. ಇಷ್ಟು ವರ್ಷ ಯಾರೂ ಕೇಳದ ಪ್ರಶ್ನೆಯನ್ನು ಸರ್ಕಾರವೇ ಕೇಳಿದ ಮೇಲೆ ನಾನು ಸುಮ್ಮನಿರುವುದುಂಟೇ? ಎದೆ ಸೆಟೆಸಿ ಕೂತೆ.

"ನನ್ನ ಕೈ ಮಣ್ಣು ಬಿಟ್ಟ ದಿನವೇ ಇಲ್ಲ ಸ್ವಾಮಿ."

"ಹುಳ, ರೋಗ ಏನಾದ್ರೂ?"

"ಯಾವುದು ಬೇಕು ಹೇಳಿ. ನನ್ನ ಹಿತ್ತಲಿಗೆ ಬಾರದ ಹುಳ ಇನ್ನೂ ಹುಟ್ಟಿಲ್ಲ. ಎಲ್ಲಕ್ಕೂ ನನ್ನದೇ ಕಷಾಯ."

ಅವನು ಬರೆದುಕೊಳ್ಳತೊಡಗಿದ. ಒಂದೂ ಬಿಟ್ಟುಹೋಗದಿರಲಿ ಎಂದು ನಾನು ಒಂದೊಂದೇ ಹುಳದ ಹೆಸರನ್ನು ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದೆ. ಎಲ್ಲ ಮುಗಿದ ಮೇಲೆ ಪೆನ್ನಿನ ಮುಚ್ಚಳ ಹಾಕಿ ವಿವರಿಸಿದ. ಬಂದ ಬಳ್ಳಿ ಕೆಲವು ತಿಂಗಳು ಬೇರೆ ಕೋಣೆಯಲ್ಲಿ ಒಂಟಿಯಾಗಿರಬೇಕು. ಅಲ್ಲಿಗೆ ಮಣ್ಣು ಸೋಕಬಾರದು. ಅದನ್ನು ನೋಡಿಕೊಳ್ಳುವವರು ಬೇರೆ ಗಿಡ ಮುಟ್ಟಿದ ಕೈಯಲ್ಲಿ ಅದನ್ನು ಮುಟ್ಟಬಾರದು.

"ನೀವು ಹೇಳಿದ್ದನ್ನೆಲ್ಲ ಬರ್ಕೊಂಡಿದ್ದೀನಿ ಯಜಮಾನ್ರೇ. ಇಷ್ಟಾದ ಮೇಲೂ ನಿಮಗೆ ಪರವಾನಗಿ ಕೊಟ್ರೆ ನನ್ನ ಕೆಲಸ ಹೋಗುತ್ತೆ," ಎಂದ. ನನ್ನ ಮುಖ ನೋಡಿ ಅವನಿಗೇ ಅಯ್ಯೋ ಅನ್ನಿಸಿರಬೇಕು. "ಮನೇಲಿ ಗಿಡದ ಸಹವಾಸವೇ ಇಲ್ಲದವರು ಯಾರಾದ್ರೂ ಇದ್ದಾರಾ?"

ಇದ್ದರು. ಅವರನ್ನು ಒಪ್ಪಿಸುವುದರಲ್ಲಿ ನನ್ನ ನಾಲಿಗೆಯ ಪಸೆ ಆರಿತು. ಇನ್ನು ಮೇಲೆ ಹಿತ್ತಲ ನಲ್ಲಿಯಲ್ಲಿ ಕಾಲು ತೊಳೆಯದೆ ಹೊಸಿಲು ದಾಟುವುದಿಲ್ಲ ಎಂದು ಮಾತು ಕೊಟ್ಟ ಮೇಲೆ ನಮ್ಮಾಕೆ ತನ್ನ ಹೊಲಿಗೆ ಕೋಣೆಯನ್ನು ಬಿಟ್ಟುಕೊಟ್ಟಳು. ಅಧಿಕಾರಿ ಕೋಣೆ ನೋಡಲು ಬಂದ. ನಮ್ಮಾಕೆ, ಗಿಡದ ವಿಷಯ ತನಗೆ ಏನೂ ತಿಳಿಯದು, ಆದರೆ ಒಂದು ಕಾಳು ಮಣ್ಣು ಕೂಡ ಈ ಹೊಸಿಲು ದಾಟಲಾರದು ಎಂದಳು. ಅವನು ಮಂಡಿಯೂರಿ ಮೂಲೆಗಳಿಗೆಲ್ಲ ಭೂತಗನ್ನಡಿ ಹಿಡಿದ. ಏನೂ ಸಿಗಲಿಲ್ಲ. ಆಮೇಲೆ ಇಬ್ಬರೂ ಕಳೆದುಹೋಗಿ ಸಿಕ್ಕ ನಂಟರ ಹಾಗೆ ಫಿನಾಯಿಲಿನ ಬಗ್ಗೆ ಮಾತಾಡುತ್ತ ನಿಂತರು. ನನಗೆ ಸ್ವಲ್ಪ ಹೊರಗಿರಲು ಹೇಳಿದರು.

ಪರವಾನಗಿ ಅವಳ ಹೆಸರಿಗೇ ಬಂತು. ಬಳ್ಳಿಯೂ ಬಂತು, ಬೇರನ್ನೆಲ್ಲ ತೊಳೆಸಿಕೊಂಡು, ಆಗತಾನೆ ಎರೆದುಕೊಂಡ ಕೂಸಿನ ಹಾಗೆ. ಮಣ್ಣಿನ ಬದಲು ತೆಂಗಿನ ನಾರು ತುಂಬಿದ ಕುಂಡದಲ್ಲಿ ಕೂತಿತು. ಒಳಗೆ ಹೋಗುವ ಹಕ್ಕು ಅವಳೊಬ್ಬಳಿಗೇ. ನನ್ನ ಪಾಲಿಗೆ ಕಿಟಕಿಯ ಗಾಜು. ನಾನು ಅಲ್ಲಿಂದಲೇ, ಇವತ್ತು ನೀರು ಬೇಡ ಕಣೇ, ಆ ಎಲೆ ಚಿವುಟು ಕಣೇ ಎಂದು ಪಾಠ ಹೇಳತೊಡಗಿದೆ. ಅವಳು ಪರದೆ ಎಳೆದಳು. ಈ ಬಳ್ಳಿ ಉಳಿಯುವುದಿಲ್ಲ ಎಂದು ನಾನು ಬೀದಿಯಲ್ಲೆಲ್ಲ ಸಾರಿಬಿಟ್ಟೆ. ಅವಳು ಕುರ್ಚಿಯ ಕಾಲು ಒರೆಸುವಂತೆ ಅದರ ಎಲೆಗಳನ್ನು ಒರೆಸುತ್ತಿದ್ದಳು, ಅಷ್ಟೇ. ಬಳ್ಳಿಗೆ ನನ್ನ ಮಾನದ ಚಿಂತೆ ಇರಲಿಲ್ಲ. ಚಿಗುರಿತು, ಹಬ್ಬಿತು, ಮೊಗ್ಗು ಕಟ್ಟಿತು.

ಅವಧಿ ಮುಗಿದ ದಿನ ಅಧಿಕಾರಿ ಬಂದು ಎಲೆಯ ಅಡಿಯನ್ನೆಲ್ಲ ನೋಡಿ, ಬಳ್ಳಿ ನಿರ್ದೋಷಿ, ಇನ್ನು ಎಲ್ಲಿ ಬೇಕಾದರೂ ಇಡಬಹುದು ಎಂದ. ಹಿತ್ತಲಲ್ಲಿ ಜಾಗ ಸಿದ್ಧವಾಗಿದೆ ಎಂದೆ ನಾನು. ತೆಗೆದುಕೊಂಡು ಹೋಗಿ, ನನ್ನ ಹೊಲಿಗೆ ಮಷೀನಿಗೆ ಜಾಗವಾಗಲಿ ಎಂದಳು ಅವಳು. ಕುಂಡವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಮೆರವಣಿಗೆ ಹೊರಟೆ. ಅಧಿಕಾರಿ ನನ್ನ ಹಿತ್ತಲ ಕಡೆ ಭೂತಗನ್ನಡಿ ಎತ್ತಿದವನು, ಯಾಕೋ ಮತ್ತೆ ಇಳಿಸಿ, ಇದು ನನ್ನ ವ್ಯಾಪ್ತಿಗೆ ಬರುವುದಿಲ್ಲ ಎಂದು ಗೊಣಗಿ ಬೇಗ ಬೇಗ ಹೊರಟುಹೋದ.

ವಾರ ತುಂಬುವುದರೊಳಗೆ ಮೊಗ್ಗು ಉದುರತೊಡಗಿತು. ಎಲೆಯ ಸಂದಿಯಲ್ಲೆಲ್ಲ ಹತ್ತಿ ಅಂಟಿಸಿದಂತೆ ಹಿಟ್ಟು ತಿಗಣೆ. ನನ್ನ ಹೆಸರಾಂತ ಕಷಾಯ ಹೊಡೆದೆ. ತಿಗಣೆ ಉಳಿದು ಎಲೆ ಉದುರಿತು. ಕೊನೆಗೆ ಒಂದೇ ಒಂದು ಮೊಗ್ಗಿನ ಗೊಂಚಲು ಉಳಿದಾಗ ಜಂಬವನ್ನೆಲ್ಲ ನುಂಗಿಕೊಂಡು, ಕುಂಡ ಹಿಡಿದು ಹೊಲಿಗೆ ಕೋಣೆಯ ಬಾಗಿಲಲ್ಲಿ ನಿಂತೆ. ಅವಳು ಮಷೀನು ನಿಲ್ಲಿಸಿ, ಕನ್ನಡಕದ ಮೇಲಿಂದ ನೋಡಿದಳು.

"ಎಲ್ಲಿಂದ ಬರ್ತಿದೆ?"

"ಹಿತ್ತಲಿಂದ."

"ಹುಳ?"

"ಇದೆ."

"ಮಣ್ಣು?"

ನಾನು ನನ್ನ ಕಾಲು ನೋಡಿಕೊಂಡೆ. ಬೇರು ತೊಳೆದು, ಹುಳ ತೆಗೆದು, ಆಮೇಲೆ ತನ್ನಿ ಎಂದಳು. ಹಿತ್ತಲ ನಲ್ಲಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಒದ್ದೆ ಬಟ್ಟೆಯಲ್ಲಿ ಒಂದೊಂದೇ ತಿಗಣೆ ಒರೆಸಿ, ಬೇರು ಜಾಲಿಸಿ, ಕುಂಡಕ್ಕೆ ಹೊಸ ನಾರು ತುಂಬಿ ತಂದೆ. ಅವಳು ಎಲೆ ಮಗುಚಿ ಮಗುಚಿ ನೋಡಿ, ಕುಂಡವನ್ನು ಕೈಗೆ ತೆಗೆದುಕೊಂಡಳು. ನಾನೂ ಹಿಂದೆಯೇ ಕಾಲೆತ್ತಿದೆ.

"ಗಿಡ ಒಳಗೆ ಬರಬಹುದು. ತಂದವರು ಅಲ್ಲೇ ಇರಿ," ಎಂದಳು.

ಈಗ ಹೂವು ಅರಳಿದೆ. ಬೀದಿಯವರೆಲ್ಲ ಕಾಲು ತೊಳೆದುಕೊಂಡು ಒಳಗೆ ಹೋಗಿ, ನೋಡಿ, ಮೂಸಿ ಬರುತ್ತಾರೆ. ಪರಿಮಳ ಬಲು ಚೆನ್ನಾಗಿದೆಯಂತೆ. ಒಳಗೆ ಹೋಗಲು ನಾನೂ ಅರ್ಜಿ ಹಾಕಿದ್ದೇನೆ. ಹಿಮ್ಮಡಿಯ ತಪಾಸಣೆ ಬಾಕಿಯಿದೆ.