ಮಾಮಾನಿಗೆ ಕಲಿಸಿದ ಮೂರು ಆಟದ ಮಾತು

ಯಾರನ್ನಾದರೂ ಪೇಚಿಗೆ ಸಿಕ್ಕಿಸೋಣ ಅಂತ ನಾನು ಹೊರಟಾಗಲೆಲ್ಲ ಅವರಿಗೆ ಒಳ್ಳೆಯದೇ ಆಗುತ್ತದೆ, ತಲೆ ಕೆಡೋದು ಮಾತ್ರ ನನ್ನದು. ಶಾಲೆಯಲ್ಲೂ ಹಿಂಗೇ ಆಗುತ್ತಿತ್ತು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟೆ, ಇದು ಮಾತ್ರ ನನ್ನನ್ನು ಬಿಡಲಿಲ್ಲ. ನಮ್ಮ ಮಾಮಾನ ಪ್ರಕರಣವಂತೂ ನನಗೆ ಇನ್ನೂ ಬಗೆಹರಿದಿಲ್ಲ.

೧. ಝೆರಾಕ್ಸ್ ಮಷೀನಿನ ಬಾಜೂಕ

ಮಾಮಾ ಅಂದರೆ ಅವ್ವನ ತಮ್ಮ. ಗದಗಿನಿಂದ ನಾವಿದ್ದ ಮರಾಠಿ ಊರು ನಿಗಡಿಗೆ ಬಂದು ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಕ್ಲಾರ್ಕ್ ಆಗಿ ಸೇರಿದ್ದ, ನಮ್ಮ ಮನೆಯಲ್ಲೇ ಇದ್ದ. ಎರಡು ತಿಂಗಳಾದರೂ ಮುಖ ಸಪ್ಪಗೇ ಇತ್ತು. ಅವ್ವ ಕೇಳಿದ್ದಕ್ಕೆ ಒಂದಿನ ಬಾಯಿಬಿಟ್ಟ.

"ಅಕ್ಕಾ, ಮಧ್ಯಾಹ್ನ ಎಲ್ಲಾರೂ ಒಂದ ಟೇಬಲ್ಲಿಗೆ ಕುಂತು ಡಬ್ಬಿ ಬಿಚ್ಚತಾರ. ಬರೇ ಆಟದ ಮಾತು. ನನಗ ಒಂದೂ ತಿಳಿಯಂಗಿಲ್ಲ. ನಾ ಒಬ್ಬಾವ ಝೆರಾಕ್ಸ್ ಮಷೀನಿನ ಬಾಜೂಕ ಕುಂತು ಉಣ್ತೀನಿ."

"ಯಾಕ, ನನ್ನ ರೊಟ್ಟಿ ಚಲೋ ಇರಂಗಿಲ್ಲೇನು?"

"ಭಾಳ ಚಲೋ ಇರ್ತಾವ. ಆದ್ರ ಮಷೀನಿಗೆ ಏನಂತ ಹೇಳ್ಲಿ?"

ಆಮೇಲೆ ನನ್ನ ಕಡೆ ತಿರುಗಿದ. "ಲೇ ಮಂಗ್ಯಾ, ದಿನಾ ಮೊಬೈಲ್‌ನ್ಯಾಗ ಮ್ಯಾಚ್ ನೋಡ್ತಿ. ಪೂರಾ ಆಟ ಬ್ಯಾಡ. ನಡುವ ಬಾಯಿ ಹಾಕೂವಷ್ಟು ಕಲಸು."

ಸಿಕ್ಕಿತಲ್ಲ ಅವಕಾಶ! ಮರಾಠಿಯಲ್ಲಿ ಮೂರು ಮಾತು ಬಾಯಿಪಾಠ ಮಾಡಿಸಿದೆ. ಒಂದು: 'ಶುರು ಚಲೋ ಇತ್ತು, ನಡುವ ಮೆತ್ತಗಾದ್ರು.' ಎರಡು: 'ಟಾಸ್ ಸೋತದ್ದಕ್ಕ ಹಿಂಗಾತು.' ಮೂರು: 'ಹಳಬರಿಗೆ ರೆಸ್ಟ್ ಕೊಟ್ಟು ಹೊಸಬರನ್ನ ಇಳಸಬೇಕು.' ಆಟ ಯಾವುದೇ ಇರಲಿ, ಸರತಿ ಪ್ರಕಾರ ಒಂದೊಂದು ಒಗೆದುಬಿಡು ಅಂದೆ. ಮೊದಲ ದಿನವೇ ಸಿಕ್ಕಿಬೀಳುತ್ತಾನೆ ಅನ್ನೋದು ನನ್ನ ಲೆಕ್ಕ. (ಆಫೀಸಿನವರ ಮರಾಠಿಯನ್ನೂ ನಮ್ಮ ಮಾತಿನಲ್ಲೇ ಹೇಳುತ್ತೇನೆ. ಇಲ್ಲದಿದ್ದರೆ ನೀವೂ ಮಾಮಾನಂಗೆ ಮಷೀನಿನ ಬಾಜೂಕ ಕೂಡಬೇಕಾದೀತು.)

ಸಂಜೆ ಮಾಮಾ ನಗುತ್ತ ಬಂದ. ನೀರು ಕುಡಿಯೋಕೆ ಹೋಗುತ್ತ ಮೊದಲನೇ ಮಾತು ಒಗೆದಿದ್ದನಂತೆ. ಇಡೀ ಟೇಬಲ್ಲು "ಬರೋಬರ್!" ಅಂದಿತಂತೆ.

"ನಿನ್ನೆ ಮ್ಯಾಚ್ ಯಾರ್‍ಯಾರ್ದು ಇತ್ತೋ?" ಅಂತ ಕೇಳಿದ. ಮೊಬೈಲ್ ತೆಗೆದು ಮೇಲೆ ಕೆಳಗೆ ಹುಡುಕಿದೆ. ನಿನ್ನೆ ಎಲ್ಲೂ ಮ್ಯಾಚೇ ಇರಲಿಲ್ಲ.

೨. ಟಾಸ್

ಮರುವಾರ ಅಕೌಂಟೆಂಟ್ ಬೇಜಾರಿನಲ್ಲಿದ್ದರು. ಅವರ ಮಗಳು ಇಂದಾಪುರಕ್ಕೆ ಆಡಲು ಹೋಗಿ ಸೋತು ಬಂದಿದ್ದಳು. ಮಾಮಾ ಸರತಿ ತಪ್ಪಿಸದೆ ಎರಡನೇ ಮಾತು ಒಗೆದ: "ಟಾಸ್ ಸೋತದ್ದಕ್ಕ ಹಿಂಗಾತು."

ಆಡಿದ್ದು ಚೆಸ್ಸು.

ಅಕೌಂಟೆಂಟ್ ಕುರ್ಚಿ ಬಿಟ್ಟು ಎದ್ದೇಬಿಟ್ಟರಂತೆ. "ಹೌದ್ರಿ! ಟಾಸ್ ಸೋತು ಕರೀ ಕಾಯಿ ಬಂದ್ವು. ಇಲ್ಲಾಂದ್ರ ಆಕಿನ ಗೆಲ್ತಿದ್ದಳು. ನಿಮ್ಮೊಬ್ಬರಿಗೆ ತಿಳೀತು ನೋಡ್ರಿ!"

ಮನೆಗೆ ಬಂದ ಮಾಮಾ ಮೆಲ್ಲಗೆ ಕೇಳಿದ, "ಕರೀ ಕಾಯಿ ಅಂದ್ರೇನೋ?"

ನನಗೆಲ್ಲಿ ಗೊತ್ತು? "ಕ್ರಿಕೆಟ್‌ನ್ಯಾಗ ಕೆಂಪು ಬಾಲ್ ಅದ, ಬಿಳೇದು ಅದ. ಈಗ ಕರೇದೂ ಬಂದಿರಬೇಕು" ಅಂದೆ.

೩. ಹಳಬರಿಗೆ ರೆಸ್ಟ್

ಆ ಊಟದ ಟೇಬಲ್ಲಿಗೆ ಯಜಮಾನರು ಅಂದರೆ ಮ್ಯಾನೇಜರ್ ಸಾಹೇಬರು, ಶಿರೂರಿನ ಕಡೆಯವರು. ಅವರು ಕರೆದರೇ ಕುರ್ಚಿ. ಒಂದು ಸೋಮವಾರ ಅವರು ಡಬ್ಬಿ ಬಿಚ್ಚದೆ ಸುಮ್ಮನೆ ಕೂತಿದ್ದರು.

"ಅವ ಓಡಲೇ ಇಲ್ಲ. ನಡುವೇ ನಿಂತುಬಿಟ್ಟ" ಅಂದರು.

ರನ್ ಓಡದೆ ನಿಂತ ಯಾವನೋ ಬ್ಯಾಟ್ಸ್‌ಮನ್ ಇರಬೇಕು ಅಂತ ಮಾಮಾ ಮೂರನೇದು ಒಗೆದ: "ಹಳಬರಿಗೆ ರೆಸ್ಟ್ ಕೊಡ್ರಿ ಸಾಹೇಬ್ರ. ಹೊಸಬರನ್ನ ಇಳಸ್ರಿ."

ಸಾಹೇಬರ ಕಣ್ಣು ತುಂಬಿದವು. "ಕರು ಇದ್ದಾಗಿಂದ ಸಾಕೀನಿ ಅವನ್ನ. ಆದ್ರ ನೀ ಹೇಳೂದು ಖರೇ. ಹೊಸಾವು ಎಷ್ಟು ತರೂಣು?"

"ಹನ್ನೊಂದು."

"ಬಂಡಿಗೆ ಕಟ್ಟೂದು ಎರಡ ಅಲ್ಲೇನು?"

ಮಾತು ಬಂಡಿ ಓಟದ ಎತ್ತಿನದು ಅಂತ ಮಾಮಾನಿಗೆ ಆಗ ತಿಳಿಯಿತು. ಗಾಬರಿಯಲ್ಲಿ "ಹನ್ನೆರಡನೇದೂ ಒಂದು ಇರ್ಲಿ" ಅಂದುಬಿಟ್ಟ. ಸಾಹೇಬರು ಅವನ ಬೆನ್ನು ತಟ್ಟಿ, "ದೊಡ್ಡ ವಿಚಾರದ ಮನಷ್ಯಾ" ಅಂದರಂತೆ.

೪. ಒಂದು ಬೆರಳು

ಅದೇ ವಾರ ಸಾಹೇಬರಿಂದ ಹುಕುಂ ಬಂತು: "ಈ ಐತವಾರ ಆಫೀಸಿನ ಮ್ಯಾಚ್ ಅದ. ಅಂಪೈರ್ ನೀನ. ಸುಸೂತ್ರ ಮುಗಸು, ನಮ್ಮ ಟೇಬಲ್ಲಿಗೆ ನಿನಗೊಂದು ಕುರ್ಚಿ ಹಾಕಸ್ತೀನಿ."

ಮಾಮಾನಿಗೆ ರಾತ್ರಿ ನಿದ್ದೆ ಇಲ್ಲ. ನನಗೂ ಪಾಪ ಅನ್ನಿಸಿತು. ಈ ಸಲ ಕಿಡಿಗೇಡಿತನ ಬೇಡ, ನಿಯತ್ತಿನಿಂದ ನಡೆಯೋಣ ಅಂತ ಹೇಳಿದೆ, "ನಾ ಬೌಂಡರಿ ಹತ್ರ ನಿನ್ನ ಎದುರಿಗೇ ನಿಂದರ್ತೀನಿ. ನಾ ಕೈ ಹೆಂಗ ಮಾಡ್ತೀನೋ ನೀನೂ ಹಂಗ ಮಾಡು."

ಐದು ಓವರ್ ಎಷ್ಟು ಚಂದ ನಡೆಯಿತು! ಮಾಮಾನ ಠೀವಿ ನೋಡಿ ಎರಡೂ ತಂಡದವರು ತಲೆದೂಗಿದರು. ಆಮೇಲೆ ಸಾಹೇಬರು ಬ್ಯಾಟಿಂಗಿಗೆ ಇಳಿದರು. ಬೌಲರ್ ಬಗ್ಗಿ ಬೂಟಿನ ಲೇಸು ಕಟ್ಟುತ್ತಿದ್ದ. ಅಷ್ಟರಲ್ಲಿ ಗೇಟಿನ ಹತ್ತಿರ ಚಹಾದವನು ಕಂಡ. ನಾನು ಬೆರಳೆತ್ತಿ ಸನ್ನೆ ಮಾಡಿದೆ: ಒಂದು.

ಮಾಮಾನೂ ಬೆರಳೆತ್ತಿದ.

ಸಾಹೇಬರು ಬೆರಳು ನೋಡಿದರು, ಸ್ಟಂಪು ನೋಡಿದರು, ಲೇಸು ಕಟ್ಟುತ್ತಿದ್ದ ಬೌಲರನ್ನು ನೋಡಿದರು. ನಾನು ಗಾಬರಿಯಾಗಿ 'ಅಲ್ಲ, ಅಲ್ಲ' ಅಂತ ಕೈ ಅಡ್ಡಡ್ಡ ಆಡಿಸಿದೆ. ಮಾಮಾ ಫೋರ್ ಕೊಟ್ಟ. ಅಯ್ಯೋ ದೇವರೇ ಅಂತ ಎರಡೂ ಕೈ ಮೇಲೆತ್ತಿದೆ. ಸಿಕ್ಸರ್ ಕೊಟ್ಟ. ಬಾಲ್ ಇನ್ನೂ ಬೌಲರನ ಬಗಲಲ್ಲೇ ಇತ್ತು. ಅಷ್ಟರಲ್ಲಿ ಸಾಹೇಬರು ಔಟಾಗಿ, ಮೇಲೆ ಹತ್ತು ರನ್ನೂ ಹೊಡೆದಿದ್ದರು.

ಸಾಹೇಬರು ಬ್ಯಾಟು ಬಗಲಿಗಿಟ್ಟು ಮಾಮಾನ ಕಡೆ ನಡೆದರು. ನಾನೂ ಓಡಿದೆ. ಮಾಮಾ ಕೈ ಮುಗಿದುಬಿಟ್ಟ. "ತಪ್ಪಾತ್ರಿ ಸಾಹೇಬ್ರ. ನನಗ ಯಾವ ಆಟಾನೂ ಗೊತ್ತಿಲ್ಲ. ನಿಮ್ಮ ಜೋಡಿ ಕುಂತು ಉಣ್ಣಬೇಕಂತ ಇಷ್ಟೆಲ್ಲಾ ಮಾಡಿದೆ."

ಸಾಹೇಬರು ಅತ್ತಿತ್ತ ನೋಡಿ ಅವನ ಕಿವಿಯ ಹತ್ತಿರ ಬಾಗಿದರು. "ಹಳೂಕ ಮಾತಾಡು. ನನಗೂ ಎತ್ತು ಬಿಟ್ರ ಬ್ಯಾರೆ ಏನೂ ಗೊತ್ತಿಲ್ಲ. ಸಾಹೇಬ ಅಂತ ಬ್ಯಾಟ್ ಕೊಡ್ತಾರ, ಹಿಡಕೊಂಡು ನಿಂದರ್ತೀನಿ. ನಾಳೆ ಡಬ್ಬಿ ತಗೊಂಡು ನನ್ನ ಬಾಜೂಕ ಬಾ. ಅದೆಲ್ಲಾ ಇರ್ಲಿ, ಈಗ ಲಗೂನ ಹೇಳು, ಮಂದಿ ನೋಡಾಕತ್ತಾರ. ನಾ ಹೊರಗ ಹೋಗೂದೋ, ಇಲ್ಲೇ ನಿಂದ್ರೂದೋ?"