ಸ್ಪ್ರಿಂಗಣ್ಣನ ಕರಾರು

ರಜೆಯ ದಿನ ಈಜು ಟೀಚರ್ ಅಂಗಿಗೆ ಇಸ್ತ್ರಿ ಹಾಕಿದ್ದೇ ಎಲ್ಲದಕ್ಕೂ ಮೂಲ.

ವಾರವಿಡೀ ಕೊಳದ ನೀರಿನಲ್ಲಿ ನಿಂತು ಮಕ್ಕಳಿಗೆ ಕೈಕಾಲು ಬಡಿಯುವುದನ್ನು ಕಲಿಸುವ ಹೆಂಗಸು ಆಕೆ. ಬಟ್ಟೆ ಒಣಗಿದ್ದರೆ ಸಾಕು, ಸುಕ್ಕಿನ ಚಿಂತೆ ಅವಳಿಗಿರಲಿಲ್ಲ. ಅಂಥವಳು ಅವತ್ತು ನೀಲಿ ಅಂಗಿಯ ತೋಳನ್ನು ಆ ಕಡೆ ಈ ಕಡೆ ತಿರುವಿ ಇಸ್ತ್ರಿ ಒತ್ತುತ್ತ, ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡು ಮೆಲ್ಲಗೆ ಹೇಳುತ್ತಿದ್ದಳು: "ಅವನಿಗೆ ಈಗ್ಲೇ ಗೊತ್ತಾಗೋದು ಬೇಡ, ವಕೀಲರೇ. ಎಲ್ಲ ಮುಗಿದ ಮೇಲೆ ನಾನೇ ಹೇಳ್ತೀನಿ."

ಬಾಗಿಲ ಆಚೆ ಹಲ್ಲುಜ್ಜುತ್ತ ನಿಂತಿದ್ದ ಸ್ಪ್ರಿಂಗಣ್ಣ ಬಾಯಲ್ಲಿದ್ದ ನೊರೆಯನ್ನೆಲ್ಲ ನುಂಗಿಬಿಟ್ಟ.

ಅವನಿಗೆ ಆ ಹೆಸರು ಕೊಟ್ಟದ್ದು ಬೀದಿಯವರು. ಸೋಫಾ, ಕುರ್ಚಿಗಳ ರಿಪೇರಿ ಅವನ ಕಸುಬು. ಯಾರಾದರೂ ಸ್ವಲ್ಪ ಒತ್ತಿದರೆ ಸಾಕು, ನೆಗೆದು ಬೀಳುವುದು ಅವನ ಸ್ವಭಾವ. ಕೆಳಗಿನ ಅಂಗಡಿ ಅವನ ಹೆಸರಿನಲ್ಲಿತ್ತು, ಮೇಲಿನ ಮನೆ ಅವಳ ಹೆಸರಿನಲ್ಲಿತ್ತು. ನಡುವಿನ ಮೆಟ್ಟಿಲು ಇಬ್ಬರದೂ. ಮದುವೆಯಿಲ್ಲದೆ ಇಬ್ಬರೂ ಒಟ್ಟಿಗೆ ಬಾಳುತ್ತ ಬಂದು ಎಷ್ಟೋ ವರ್ಷಗಳಾಗಿದ್ದವು. ಮದುವೆಯಾಗಬೇಕೆಂದು ಅವನಿಗೆ ಬಲು ಆಸೆ. ಕೇಳಿದಾಗಲೆಲ್ಲ ಅವಳದು ಒಂದೇ ಉತ್ತರ: ನಂಬಿಕೆ ಇದ್ದ ಕಡೆ ಕಾಗದ ಯಾಕೆ, ಇಲ್ಲದ ಕಡೆ ಕಾಗದ ತಾನೇ ಏನು ಮಾಡೀತು?

ಈಗ ಅದೇ ಹೆಂಗಸು ಅವನಿಗೆ ಗೊತ್ತಾಗದಂತೆ ವಕೀಲರ ಹತ್ತಿರ ಕಾಗದ ಮಾಡಿಸಲು ಹೊರಟಿದ್ದಾಳೆ.

ಎಲ್ಲಿಗೆ ಹೊರಟೆ ಎಂದು ಕೇಳಿದ. ಗೆಳತಿಯನ್ನು ನೋಡಿಬರುತ್ತೇನೆ ಎಂದಳು. ಅದನ್ನು ಹೇಳುವಾಗ ಅವಳು ಅವನ ಮುಖ ನೋಡದೆ ಇಸ್ತ್ರಿಪೆಟ್ಟಿಗೆ ನೋಡಿದಳು. ಸ್ಪ್ರಿಂಗಣ್ಣನೊಳಗೆ ಹಳೇ ಸೋಫಾದ ತಂತಿಯೊಂದು ಟಣ್ಣೆಂದು ಮೇಲೆದ್ದಂತಾಯಿತು.

ಕೆಳಗೆ ಬಂದು ಅಂಗಡಿ ತೆರೆದ. ಕೆಲಸ ಕೈಗೆ ಹತ್ತಲಿಲ್ಲ. ಎದುರಿನ ಬೇಕರಿಯಕ್ಕನ ಕುರ್ಚಿಗೆ ಬಟ್ಟೆ ಹೊದಿಸಲು ಕೂತವನು ತನ್ನ ಅಂಗಿಯ ತುದಿಯನ್ನೂ ಸೇರಿಸಿ ಮೊಳೆ ಹೊಡೆದುಬಿಟ್ಟ. ಏಳಲು ಹೋದರೆ ಕುರ್ಚಿಯೂ ಜೊತೆಗೇ ಎದ್ದಿತು. ಅದೇ ಹೊತ್ತಿಗೆ ಬೇಕರಿಯಕ್ಕ ಕುರ್ಚಿ ಕೇಳಲು ಬಂದಳು. ಅವಳ ಹಿಂದೆಯೇ, ಬೀದಿಯಲ್ಲಿ ಇಬ್ಬರು ನಿಂತರೆ ಮೂರನೆಯವರಾಗಿ ತಪ್ಪದೆ ಹಾಜರಾಗುವ ನಿವೃತ್ತ ಸರ್ವೇಯರೂ ಬಂದರು. ಅಂಗಿಯಿಂದ ಮೊಳೆ ಕೀಳುತ್ತ ಕೀಳುತ್ತ ಇಬ್ಬರೂ ಅವನಿಂದ ವಿಷಯವನ್ನೂ ಕಿತ್ತರು.

ಬೇಕರಿಯಕ್ಕ ಕೆನ್ನೆಗೆ ಕೈ ಹಚ್ಚಿಕೊಂಡಳು. ಅವಳ ಮೈದುನನ ಕತೆಯೂ ಹೀಗೇ ಶುರುವಾಗಿತ್ತಂತೆ. ಕಟ್ಟಿಕೊಳ್ಳದೆ ಇಟ್ಟುಕೊಳ್ಳದೆ ಒಬ್ಬಳ ಜೊತೆ ಸುಖವಾಗಿದ್ದನಂತೆ. ಒಂದು ಸಂಜೆ ಬಂದರೆ ಬಾಗಿಲಿಗೆ ಬೇರೆ ಬೀಗ, ಮೆಟ್ಟಿಲ ಮೇಲೆ ಅವನ ಚಪ್ಪಲಿ.

"ಮನೆ ಯಾರ ಹೆಸರಲ್ಲಿದೆ?" ಎಂದು ಸರ್ವೇಯರು ಕೇಳಿದರು.

"ಅವಳ ಹೆಸರಲ್ಲಿ."

ಸರ್ವೇಯರು ಮನೆಯನ್ನೊಮ್ಮೆ, ಅವನನ್ನೊಮ್ಮೆ ಅಳೆಯುವಂತೆ ನೋಡಿದರು. "ಹಾಗಾದ್ರೆ ನೀನು ಅಲ್ಲಿರೋದು ಒತ್ತುವರಿ ಇದ್ದ ಹಾಗೆ" ಎಂದರು. ಅವಳು ಕಾಗದ ತರುವ ಮೊದಲೇ ಅವನೂ ಒಂದು ಕಾಗದ ಮಾಡಿಸಿಕೊಳ್ಳಬೇಕು, ಒಟ್ಟಿಗಿರುವವರು ಕರಾರು ಬರೆಸಿಕೊಳ್ಳಬಹುದು, ಸಾಕ್ಷಿಗೆ ನಾವಿದ್ದೇವೆ ಎಂದು ಧೈರ್ಯವನ್ನೂ ತುಂಬಿದರು. ಬೇಕರಿಯಕ್ಕ ಆಗಲೇ ಪೆನ್ನು ಹುಡುಕುತ್ತಿದ್ದಳು.

ಅಷ್ಟರಲ್ಲಿ ನೀಲಿ ಅಂಗಿ ಮೆಟ್ಟಿಲಿಳಿದು ಬೀದಿಗೆ ಬಂತು. ಸ್ಪ್ರಿಂಗಣ್ಣ ಹಿಂದೆ ಬಿದ್ದ. ಗಾಬರಿಯಲ್ಲಿ ಕೈಯಲ್ಲಿದ್ದ ಸೋಫಾದ ದಿಂಬನ್ನು ಕೆಳಗಿಡುವುದನ್ನೂ ಮರೆತಿದ್ದ. ಅವಳು ತಿರುಗಿದಾಗಲೆಲ್ಲ ದಿಂಬಿನಿಂದ ಮುಖ ಮುಚ್ಚಿಕೊಳ್ಳುತ್ತಿದ್ದ. ದಾರಿಹೋಕರೊಬ್ಬರು ಮೈ ಹುಷಾರಿಲ್ಲವೇನೋ ಎಂದುಕೊಂಡು ಅವನನ್ನು ಹಿಡಿದು ಕಟ್ಟೆಯ ಮೇಲೆ ಕೂರಿಸಿದರು. ಅಲ್ಲಿಂದಲೇ ಕಂಡಿತು: ಎದುರಿನ ಕಟ್ಟಡದಲ್ಲಿ ವಕೀಲರ ಫಲಕ. ಸ್ವಲ್ಪ ಹೊತ್ತಿಗೆ ಅವಳು ಹೊರಬಂದಳು. ಬಾಗಿಲವರೆಗೆ ಬಂದ ವಕೀಲೆ ಅವಳ ಕೈ ಕುಲುಕಿ ನಕ್ಕಳು. ಇವಳೂ ನಕ್ಕಳು. ಒಬ್ಬರನ್ನು ಬೀದಿಪಾಲು ಮಾಡಿ ಹೀಗೂ ನಗಬಹುದೇ ಎಂದು ಸ್ಪ್ರಿಂಗಣ್ಣನಿಗೆ ದಿಗಿಲಾಯಿತು.

ಅವಳು ಮರೆಯಾದೊಡನೆ ದಿಂಬಿನ ಸಮೇತ ವಕೀಲರ ಕಚೇರಿಯ ಮೆಟ್ಟಿಲು ಹತ್ತಿದ. ತಾನಾರು, ಯಾರ ಜೊತೆ ವಾಸವಾಗಿದ್ದೇನೆ, ಏನು ಬೇಕು ಎಂದು ಒಂದೇ ಉಸಿರಿಗೆ ಹೇಳಿದ. ಕೇಳುತ್ತ ಕೇಳುತ್ತ ವಕೀಲೆಗೆ ಕೆಮ್ಮು ಬಂತು.

"ಒಂದು ಮಾತು ಹೇಳ್ಲಾ? ಇವತ್ತು ಬೇಡ. ಮನೆಗೆ ಹೋಗಿ, ಒಂದೆರಡು ದಿನ ತಡೀರಿ" ಎಂದಳು.

"ಯಾಕೆ ತಡೀಬೇಕು?"

"ಅದನ್ನ ನಾನು ಹೇಳೋ ಹಾಗಿಲ್ಲ."

ಒಬ್ಬ ಕಕ್ಷಿದಾರರ ಗುಟ್ಟನ್ನು ಇನ್ನೊಬ್ಬರಿಗೆ ಹೇಳಬಾರದೆಂಬುದು ಆಕೆಯ ವೃತ್ತಿಯ ಕಟ್ಟಳೆ. ಸ್ಪ್ರಿಂಗಣ್ಣನಿಗೆ ಬೇರೆಯದೇ ಅರ್ಥವಾಯಿತು. ಇವಳನ್ನೂ ಅವಳು ಬುಟ್ಟಿಗೆ ಹಾಕಿಕೊಂಡಿದ್ದಾಳೆ, ತನ್ನ ಕೈ ಕಟ್ಟಿಹಾಕಲು ಕಾಲ ತಳ್ಳುತ್ತಿದ್ದಾರೆ ಎಂದುಕೊಂಡ. ಈಗಲೇ, ಇಲ್ಲೇ ಆಗಬೇಕು, ಆಗದಿದ್ದರೆ ಬೇರೆ ವಕೀಲರನ್ನು ನೋಡಿಕೊಳ್ಳುತ್ತೇನೆ ಎಂದು ದಿಂಬನ್ನು ಮೇಜಿನ ಮೇಲೆ ಕುಕ್ಕಿದ. ವಕೀಲೆ ಇನ್ನೂ ಎರಡು ಸಲ ತಡೆದು ನೋಡಿದಳು. ತಡೆದಷ್ಟೂ ಅವನ ಅನುಮಾನ ಉಬ್ಬಿತು. ಕೊನೆಗೆ ಆಕೆ ನಿಟ್ಟುಸಿರು ಬಿಟ್ಟು ಟೈಪು ಮಾಡಲು ಕೂತಳು.

ಒಬ್ಬರು ಇನ್ನೊಬ್ಬರನ್ನು ಮನೆಯಿಂದ ಹೊರಹಾಕುವಂತಿಲ್ಲ. ಕೂಡಿ ಕೊಂಡದ್ದರಲ್ಲಿ ಇಬ್ಬರಿಗೂ ಸಮಪಾಲು. ಒಬ್ಬರು ಕಾಯಿಲೆ ಬಿದ್ದರೆ ಆಸ್ಪತ್ರೆಯಲ್ಲಿ ಪಕ್ಕದಲ್ಲಿರುವ, ಅವರ ಪರವಾಗಿ ಮಾತಾಡುವ ಹಕ್ಕು ಇನ್ನೊಬ್ಬರದು. ಒಬ್ಬರು ತೀರಿಕೊಂಡರೆ ಉಳಿದವರನ್ನು ನೆಂಟರಿಷ್ಟರು ಎಬ್ಬಿಸುವಂತಿಲ್ಲ. ಒಂದೊಂದಕ್ಕೂ ಸ್ಪ್ರಿಂಗಣ್ಣ, ಇನ್ನೂ ಬಿಗಿ ಮಾಡಿ, ಇನ್ನೂ ಬಿಗಿ ಮಾಡಿ ಎನ್ನುತ್ತಿದ್ದ. ಬಟ್ಟೆ ಎಳೆದು ಮೊಳೆ ಹೊಡೆದು ಅಭ್ಯಾಸವಾದ ಕೈ. ಅವಳಿಗೂ ಅವೇ ಹಕ್ಕು ಸಿಗುತ್ತವಲ್ಲ ಎಂದು ವಕೀಲೆ ಎಚ್ಚರಿಸಿದಾಗ, ಸಿಗಲಿ, ನನ್ನದು ಗಟ್ಟಿಯಾದರೆ ಸಾಕು ಎಂದ.

"ಮದುವೆ ಆದವರೂ ಇಷ್ಟೆಲ್ಲ ಯೋಚನೆ ಮಾಡಿರಲ್ಲ" ಎಂದು ಗೊಣಗುತ್ತ ಆಕೆ ಹಾಳೆಗಳನ್ನು ಕೈಗಿತ್ತಳು.

ಸಂಜೆ ಮನೆಗೆ ಬಂದಾಗ ಸಾಕ್ಷಿಗಳಿಬ್ಬರೂ ಬೆನ್ನಿಗೇ ಇದ್ದರು. ಈಜು ಟೀಚರ್ ಇಸ್ತ್ರಿ ಮುರಿಯದ ಅಂಗಿಯಲ್ಲೇ ಮೇಜಿನ ಮುಂದೆ ಕೂತಿದ್ದಳು. ಅವನನ್ನು ಕಂಡೊಡನೆ ಮುಖ ಅರಳಿತು. "ಬಾ, ನಿನಗೊಂದು ವಿಷಯ ಹೇಳಬೇಕು" ಎಂದಳು. ಬೇಕರಿಯಕ್ಕ ಹಿಂದಿನಿಂದ ಅವನ ಬೆನ್ನು ತಿವಿದಳು. ಸ್ಪ್ರಿಂಗಣ್ಣ ನೆಗೆದ.

"ಅದಕ್ಕೆ ಮೊದಲು ಇದನ್ನ ಓದು" ಎಂದು ಹಾಳೆಗಳನ್ನು ಅವಳ ಮುಂದೆ ಒತ್ತಿದ.

ಅವಳು ಓದಿದಳು. ಸಾಕ್ಷಿಗಳು ಅವಳ ಹುಬ್ಬನ್ನೇ ಕಾಯುತ್ತ ನಿಂತರು. ಮೂರನೆಯ ಹಾಳೆಗೆ ಬಂದಾಗ ಅವಳ ಕಣ್ಣು ತುಂಬಿತು. ಸಿಕ್ಕಿಬಿದ್ದಳು ಎಂದು ಸರ್ವೇಯರು ಪಿಸುಗುಟ್ಟಿದರು. ಅವಳು ಬೇಕರಿಯಕ್ಕನ ಕೈಯಿಂದ ಪೆನ್ನು ಇಸಿದುಕೊಂಡು ಎಲ್ಲ ಹಾಳೆಗಳಿಗೂ ರುಜು ಹಾಕಿದಳು. ಅವನೂ ಹಾಕಿದ. ಅವಳ ಮನಸ್ಸು ಬದಲಾದೀತೆಂದು ಸಾಕ್ಷಿಗಳು ನಾ ಮುಂದು ತಾ ಮುಂದು ಎಂದು ಹಾಕಿದರು.

ಆಮೇಲೆ ಅವಳು ಅವನ ಎರಡೂ ಕೈ ಹಿಡಿದುಕೊಂಡಳು.

"ನನ್ನ ಮನಸ್ಸಲ್ಲಿ ಇದ್ದದ್ದು ನಿನಗೆ ಹ್ಯಾಗೆ ಗೊತ್ತಾಯ್ತು? ಹೋದ ಸಲ ನಿನಗೆ ಆಪರೇಷನ್ ಆದಾಗ ನರ್ಸು, ನೀವು ಅವರಿಗೆ ಏನಾಗಬೇಕು ಅಂತ ಕೇಳಿದ್ಳು. ನನಗೆ ಹೇಳೋಕೆ ಒಂದು ಪದ ಇರಲಿಲ್ಲ. ಹೊರಗೇ ಕೂರಿಸಿದ್ರು. ಅವತ್ತಿಂದ ಅದು ಕೊರೀತಾನೇ ಇತ್ತು. ಸೋತುಬಿಡೋಣ, ನಿನ್ನಾಸೆಯಂತೆ ಮದುವೆಯೇ ಆಗಿಬಿಡೋಣ ಅಂತ ಇವತ್ತು ವಕೀಲರ ಹತ್ರ ಹೋಗಿ ಅರ್ಜಿ ಬರೆಸಿಬಂದೆ. ನಿನಗೆ ಆಶ್ಚರ್ಯ ಆಗ್ಲಿ ಅಂತ ಹೇಳಿರಲಿಲ್ಲ."

ಸ್ಪ್ರಿಂಗಣ್ಣ ತಿರುಗಿ ಸಾಕ್ಷಿಗಳನ್ನು ನೋಡಿದ.

"ನೋಡು, ನೀನು ನನಗಿಂತ ದೊಡ್ಡ ಮನುಷ್ಯ. ನನಗೆ ಮದುವೆ ಇಷ್ಟ ಇಲ್ಲ ಅಂತ ನಿನ್ನ ಆಸೇನೇ ಬಿಟ್ಟುಕೊಟ್ಟು ಇದನ್ನ ಮಾಡಿಸಿಕೊಂಡು ಬಂದಿದ್ದೀಯ. ಆಸ್ಪತ್ರೆ ಮಾತೂ ಇದೆ ಇದರಲ್ಲಿ. ಮದುವೆಯಿಂದ ನನಗೆ ಬೇಕಾಗಿದ್ದದ್ದು ಅದೊಂದೇ."

ಹಾಗೆನ್ನುತ್ತ ಅವಳು ಕೈಚೀಲದಿಂದ ಮದುವೆಯ ಅರ್ಜಿಯನ್ನು ತೆಗೆದು ನಾಲ್ಕು ಚೂರು ಮಾಡಿದಳು. ಸ್ಪ್ರಿಂಗಣ್ಣನ ಕೈ ತಾನಾಗಿಯೇ ಅತ್ತ ಚಾಚಿ, ಗಾಳಿಯಲ್ಲೇ ನಿಂತಿತು. ಬೇಡ, ಹರಿಯಬೇಡ, ನಾನು ಅದಕ್ಕಾಗಿ ಮಾಡಿಸಿದ್ದಲ್ಲ ಎನ್ನಬೇಕು. ಮತ್ತೆ ಯಾತಕ್ಕಾಗಿ ಮಾಡಿಸಿದೆ ಎಂದು ಅವಳು ಕೇಳಿದರೆ? ಉತ್ತರ ಬಲ್ಲವರಿಬ್ಬರು ಪಕ್ಕದಲ್ಲೇ ನಿಂತಿದ್ದರು. ಬೇಕರಿಯಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ಇಂಥ ಗಂಡಸು ಎಲ್ಲಿ ಸಿಕ್ಕಾನು ಎನ್ನುತ್ತಿದ್ದಳು. ಮೊದಲಿಂದಲೂ ತಾನು ಅದನ್ನೇ ಹೇಳುತ್ತಿದ್ದೆ ಎಂದರು ಸರ್ವೇಯರು.

"ಯಾಕೆ ಸುಮ್ಮನಾದೆ? ಸಂತೋಷ ಆಗ್ಲಿಲ್ವಾ?" ಎಂದು ಅವಳು ಕೇಳಿದಳು.

"ಆಯ್ತು" ಎಂದ ಸ್ಪ್ರಿಂಗಣ್ಣ. "ತುಂಬಾ ಆಯ್ತು."