ಎಸಿ ತೆರಿಗೆಗೆ ಗುಪ್ತ ಮತದಾನ

ಇನ್ನೊಬ್ಬರ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯದಿದ್ದರೆ ನನಗೆ ಉಂಡ ಅನ್ನ ಅರಗುವುದಿಲ್ಲ. ಬಸ್ಸಿನಲ್ಲಿ ಪಕ್ಕದವನು ಮೊಬೈಲ್ ನೋಡಿ ನಕ್ಕರೆ ನನ್ನ ಕತ್ತು ತಾನಾಗಿ ಅತ್ತ ವಾಲುತ್ತದೆ. ಇದು ಕೆಟ್ಟ ಚಟ ಎಂದು ನನ್ನ ಹೆಂಡತಿ ಮದುವೆಯಾದ ವಾರದಲ್ಲೇ ಪತ್ತೆಹಚ್ಚಿದ್ದಳು. ನಾನು ಅದನ್ನು ಕುತೂಹಲ ಎಂದು ಕರೆದುಕೊಂಡು ಇಷ್ಟು ವರ್ಷ ಮರ್ಯಾದೆಯಿಂದ ಬದುಕಿದ್ದೆ. ಕಳೆದ ಅಕ್ಟೋಬರಿನಲ್ಲಿ ನಮ್ಮ ಮನೆಯಲ್ಲಿ ಒಂದು ಮತದಾನ ನಡೆಯದಿದ್ದರೆ ಈಗಲೂ ಹಾಗೇ ಬದುಕುತ್ತಿದ್ದೆ.

ಮನೆ ಎಂದರೆ ದುಬೈಯ ಒಂದು ಹಳೆಯ ಕಟ್ಟಡದ ಫ್ಲ್ಯಾಟು. ಊರಿನಲ್ಲಿ ಸಂಸಾರ ಬಿಟ್ಟು ಬಂದ ಐದು ಗಂಡಸರು, ಐದು ಮಂಚ, ಒಂದು ಅಡುಗೆಮನೆ. ಬಾಡಿಗೆಯ ಒಪ್ಪಂದ ಕಾಪುವಿನ ವಾಸಣ್ಣನ ಹೆಸರಿನಲ್ಲಿರುವುದರಿಂದ ಅವನೇ ನಮ್ಮ ಸರಕಾರ. ನೀರು, ಕರೆಂಟಿನ ಬಿಲ್ಲಿನೊಳಗೇ ನಗರಪಾಲಿಕೆಯವರು ಮನೆ ಶುಲ್ಕವನ್ನೂ ಸೇರಿಸಿ ಕಳಿಸುತ್ತಾರೆ, ನಾವು ತುಟಿಪಿಟಿಕ್ಕೆನ್ನದೆ ಕಟ್ಟುತ್ತೇವೆ. ಅದನ್ನು ನೋಡಿಯೇ ಕಲಿತನೋ ಏನೋ, ವಾಸಣ್ಣ ಬೇಸಿಗೆಯ ನಾಲ್ಕು ತಿಂಗಳು ಬಾಡಿಗೆಯ ಮೇಲೆ ತಲೆಗಿಷ್ಟು ಎಂದು ಹೆಚ್ಚುವರಿ ಹಾಕಿದ. ಅದಕ್ಕೆ ನಾವು ಇಟ್ಟ ಹೆಸರು ಎಸಿ ತೆರಿಗೆ. ಸೆಪ್ಟೆಂಬರ್ ಮುಗಿದರೆ ತೆರಿಗೆ ಖಲಾಸ್, ಹಗಲು ಹೊತ್ತಿನ ಎಸಿಯೂ ಖಲಾಸ್. ಹಗಲಿನಲ್ಲಿ ನಾವು ನಾಲ್ವರು ಹೇಗೂ ಕೆಲಸದಲ್ಲಿರುತ್ತೇವೆ.

ತೊಂದರೆ ಐದನೆಯವರದು. ಫೆಲಿಕ್ಸ್ ಅಂಕಲ್ ಶಿರ್ವದವರು, ಆಸ್ಪತ್ರೆಯ ವಾರ್ಡಿನಲ್ಲಿ ಕಾಯಂ ರಾತ್ರಿ ಪಾಳಿ. ನಾವು ಬೂಟು ಹಾಕಿಕೊಳ್ಳುವಾಗ ಅವರು ಬೂಟು ಬಿಚ್ಚುತ್ತಾರೆ. ಇಲ್ಲಿಯ ಅಕ್ಟೋಬರಿನ ಮಧ್ಯಾಹ್ನ ಎಸಿ ಇಲ್ಲದೆ ಮಲಗುವುದೆಂದರೆ ಒಲೆಯ ಮೇಲಿನ ಕಾವಲಿಯಲ್ಲಿ ಮಲಗಿದಂತೆ. ಹಿಂದೆ ಇದ್ದ ಫ್ಲ್ಯಾಟಿನಲ್ಲಿ ಹೀಗೇ ಆಗಿ, ಅವರು ಶಾಪಿಂಗ್ ಮಾಲಿನ ಬೆಂಚಿನಲ್ಲಿ ಕುಳಿತು ತೂಕಡಿಸುತ್ತಿದ್ದರಂತೆ. ಇಷ್ಟಾಗಿಯೂ ಬಾಯಿಬಿಟ್ಟು ಕೇಳುವ ಜನ ಅಲ್ಲ. ಕಂಬಗಳಿಗೆ ಅಂಟಿಸಿದ ‘ಬೆಡ್ ಸ್ಪೇಸ್ ಇದೆ’ ಎಂಬ ಚೀಟಿಗಳನ್ನು ಅವರು ನಿಂತು ಓದುವುದನ್ನು ವಾಸಣ್ಣ ಕಂಡಿದ್ದ. ಅವರು ಹೊರಟುಹೋದರೆ ನಮಗೂ ಬೇಸರವೇ. ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಗಂಜಿ ಬೇಯಿಸಿ ಕೊಡುವವರು ಅವರೊಬ್ಬರೇ.

ಹಾಗಾಗಿ ತೆರಿಗೆಯನ್ನು ನವೆಂಬರ್ ಕೊನೆಯವರೆಗೆ ಮುಂದುವರಿಸೋಣ ಎಂದು ವಾಸಣ್ಣ ಸೂಚಿಸಿದ. ಮುಖ ನೋಡಿ ಕೇಳಿದರೆ ಯಾರೂ ಮನಸ್ಸಿನಲ್ಲಿದ್ದದ್ದು ಹೇಳುವುದಿಲ್ಲ, ಗುಪ್ತ ಮತದಾನವೇ ಆಗಲಿ ಎಂದೂ ಅವನೇ ಹೇಳಿದ. ನಾನು ಚುನಾವಣಾಧಿಕಾರಿ ಆಗುತ್ತೇನೆಂದು ಕೂಡಲೇ ಮುಂದೆ ಬಂದೆ. ಊರಿನಲ್ಲಿ ಚುನಾವಣೆ ಬಂದಾಗಲೆಲ್ಲ ನಾನು ಇಲ್ಲಿರುತ್ತೇನೆ. ಬೆರಳಿಗೆ ಶಾಯಿ ತಾಗಿ ಎಷ್ಟು ಕಾಲವಾಯಿತೋ. ಅದು ಒಂದು ಕಾರಣ. ಇನ್ನೊಂದು ನನ್ನ ಚಟ.

ನಾನು ಜೆಬೆಲ್ ಅಲಿಯ ಒಂದು ಗೋಡೌನಿನಲ್ಲಿ ಸ್ಟೋರ್‌ಕೀಪರ್. ಸರಕು ಹೊರಗೆ ಹೋಗುವಾಗ ಬರೆಯುವ ಚೀಟಿಗೆ ನಮ್ಮಲ್ಲಿ ಐದು ಪ್ರತಿ, ಐದು ಬಣ್ಣ. ಲಾರಿಯವನಿಗೆ ಬಿಳಿ, ಗೇಟಿನವನಿಗೆ ಗುಲಾಬಿ, ಹೀಗೆ. ಯಾವ ಬಣ್ಣ ಯಾರಿಗೆ ಎಂದು ನಾನು ನಿದ್ದೆಯಲ್ಲೂ ಹೇಳಬಲ್ಲೆ. ಆ ಚೀಟಿಗಳ ಒಂದು ಹಳೆಯ ಪುಸ್ತಕ ತಂದೆ. ಭಾನುವಾರ ಊಟಕ್ಕೆ ಮುಂಚೆ ವಾಸಣ್ಣನಿಗೆ ಬಿಳಿ, ಫೆಲಿಕ್ಸ್ ಅಂಕಲ್‌ಗೆ ಗುಲಾಬಿ, ಉಳಿದಿಬ್ಬರಾದ ಹರೀಶ ಮತ್ತು ದಯಾನಂದರಿಗೆ ಹಸಿರು, ನೀಲಿ ಹಂಚಿದೆ. ಹಳದಿ ನನಗೆ. ಬೇಕು ಅಥವಾ ಬೇಡ ಎಂದಷ್ಟೇ ಬರೆದು, ಮಡಚಿ, ಕುಕ್ಕರಿನೊಳಗೆ ಹಾಕಬೇಕು. ಮತದ ಗೌಪ್ಯತೆ ಎಷ್ಟು ಪವಿತ್ರವಾದದ್ದು ಎಂಬ ಬಗ್ಗೆ ಐದು ನಿಮಿಷ ಭಾಷಣವನ್ನೂ ಮಾಡಿದೆ. ಮೀನು ಸಾರು ಆರುತ್ತಾ ಇದೆ ಎಂದು ಹರೀಶ ನೆನಪಿಸಿದ.

ಈಗ ನನ್ನ ಮತದ ವಿಷಯ. ಹೇಳಿಬಿಡುತ್ತೇನೆ, ನಾನು ‘ಬೇಡ’ ಎಂದು ಬರೆದೆ. ಮೂವರು ಹೇಗೂ ಬೇಕು ಎನ್ನುತ್ತಾರೆ, ಅಂಕಲ್ ಅಂತೂ ಬೇಕೆಂದೇ ಬರೆಯುತ್ತಾರೆ, ಅವರ ನಿದ್ದೆಗೆ ಧಕ್ಕೆಯಿಲ್ಲ. ನನ್ನದೊಂದು ಬೇಡ ಇದ್ದರೆ ವಾಸಣ್ಣ ಮುಂದೆ ಡಿಸೆಂಬರಿಗೂ ಎಳೆಯಲು ಹೆದರುತ್ತಾನೆ ಎಂದು ಲೆಕ್ಕ ಹಾಕಿದ್ದೆ. ಸೀದಾ ಹೇಳುವುದಾದರೆ ಜಿಪುಣತನ.

ಕುಕ್ಕರಿಗೆ ಕೈಹಾಕಿ ಚೀಟಿ ಬಿಚ್ಚಿದೆ. ಬಿಳಿ, ಬೇಕು. ನೀಲಿ, ಬೇಕು. ಹಳದಿ, ಬೇಡ. ಹಸಿರು, ಬೇಕು. ಕೊನೆಗೆ ಗುಲಾಬಿ, ಬೇಡ! ಯಾರ ನಿದ್ದೆಗಾಗಿ ಇಷ್ಟೆಲ್ಲ ನಡೆಯಿತೋ ಅವರೇ ಬೇಡ ಎಂದಿದ್ದಾರೆ. ಮೂರಕ್ಕೆ ಎರಡು, ತೆರಿಗೆ ಮುಂದುವರಿಯುತ್ತದೆ ಎಂದು ಘೋಷಿಸಿದೆನಾದರೂ ಕಣ್ಣು ಅಂಕಲ್ ಮುಖದಿಂದ ಕದಲಲಿಲ್ಲ.

“ನೀವು ಹಾಗೆ ನೋಡುವುದು ಬೇಡ ಸದಾಶಿವರೇ, ಗುಲಾಬಿ ನನ್ನದೇ,” ಎಂದರು ಅಂಕಲ್.

ಆಗ ನನ್ನ ತಲೆಗೆ ಹೊಳೆಯಿತು. ಬಣ್ಣ ಹಂಚುವಾಗ ಕಣ್ಣಿದ್ದದ್ದು ನನಗೊಬ್ಬನಿಗೇ ಅಲ್ಲ. ಐದು ಜನ ಒಂದೇ ಮೇಜಿನ ಸುತ್ತ ಕುಳಿತಿದ್ದೆವು, ಯಾರ ಕೈಯಲ್ಲಿ ಯಾವುದು ಎಂದು ಎಲ್ಲರೂ ನೋಡಿದ್ದರು. ನನ್ನ ಮುಂದೆ ಹಳದಿ ಚೀಟಿ ಬಿಚ್ಚಿಕೊಂಡು ಬಿದ್ದಿತ್ತು. ನೆಲ ಬಾಯಿಬಿಟ್ಟರೆ ಇಳಿದುಬಿಡೋಣ ಎನಿಸಿತು, ಆದರೆ ನಾವಿರುವುದು ಮೂರನೇ ಮಹಡಿ.

ಅಂಕಲ್ ಎದ್ದು ನಿಂತರು. “ನಿಮ್ಮೆಲ್ಲರ ಕಿಸೆಗೆ ಕೈಹಾಕಿ ನಾನು ನಿದ್ದೆ ಮಾಡುವುದೆಂದರೆ ನನಗೆ ಎಂತದೋ ನಾಚಿಕೆ ಮಾರಾಯ್ರೇ. ಅದಕ್ಕೇ ಬೇಡ ಅಂತ ಬರ್ದೆ. ನನ್ನ ಆ ಸಂಕಟ ಇಲ್ಲಿ ಒಬ್ಬರಿಗೆ ಅರ್ಥ ಆಗಿದೆ. ನನ್ನ ಮರ್ಯಾದೆ ಉಳಿಯಲಿ ಅಂತ ಸದಾಶಿವರೂ ಬೇಡ ಅಂದಿದ್ದಾರೆ. ದೇವರು ನಿಮ್ಮನ್ನು ಚೆನ್ನಾಗಿಡಲಿ.”

ಹರೀಶ ತಟ್ಟೆಯೊಳಗೆ ಮುಖ ಹುದುಗಿಸಿಕೊಂಡು ಕೆಮ್ಮಿದ. ಇವನದ್ದು ಮೊದಲಿನಿಂದಲೂ ದೊಡ್ಡ ಮನಸ್ಸು ಎಂದು ವಾಸಣ್ಣ ಅಕ್ಕಿಯ ಕಲ್ಲು ಆರಿಸುವಷ್ಟು ಗಂಭೀರವಾಗಿ ಹೇಳಿದ. ಅಂಕಲ್ ತಮ್ಮ ಪಾಲಿನ ಅಂಜಲ್ ಮೀನಿನ ತುಂಡನ್ನು ಎತ್ತಿ ನನ್ನ ತಟ್ಟೆಗೆ ಹಾಕಿದರು. ನಾನು ಬೇಡ ಎನ್ನಲಿಲ್ಲ, ಆ ದಿನದ ಬೇಡವನ್ನು ಆಗಲೇ ಖರ್ಚು ಮಾಡಿದ್ದೆ.

ಅಂಕಲ್ ಈಗಲೂ ನಮ್ಮ ಜೊತೆಗೇ ಇದ್ದಾರೆ. ನನ್ನನ್ನು ಕಂಡಾಗಲೆಲ್ಲ ಸಣ್ಣಗೆ ನಗುತ್ತಾರೆ. ಅವರು ಅಂದು ಹೇಳಿದ್ದನ್ನು ನಿಜವಾಗಿಯೂ ನಂಬಿಯೇ ಹೇಳಿದರೋ, ಅಥವಾ ನನ್ನ ಮುಖ ನೋಡಲಾರದೆ ನನ್ನ ಮರ್ಯಾದೆಯನ್ನು ಅವರೇ ಉಳಿಸಿದರೋ? ತಿಳಿಯದೆ ನನಗೆ ನಿದ್ದೆ ಬರುತ್ತಿಲ್ಲ. ಕೇಳಿಬಿಡೋಣವೆಂದರೆ, ಮೊದಲು ನಾನು ಯಾಕೆ ಬೇಡ ಎಂದು ಬರೆದೆ ಎಂಬುದನ್ನು ಹೇಳಬೇಕಾಗುತ್ತದೆ.